ಸವಳು ಗದ್ದೆಯ ಹಳದಿ ಎಲೆ

ಗುರುಗುಂಟಾದ ತವರಿನಲ್ಲಿ ನೀರಿಲ್ಲದೆ ಬೆಳೆ ಒಣಗುವುದನ್ನು ಕಂಡಿದ್ದ ಹುಲಿಗೆಮ್ಮ, ಸೊಸೆಯಾಗಿ ದಢೇಸುಗೂರಿಗೆ ಬಂದ ಮೇಲೆ ಕಾಲುವೆ ನೀರು ಹೆಚ್ಚಾಗಿ ಗದ್ದೆ ಉಪ್ಪೇರಿ ಸವಳಾಗುವುದನ್ನೂ ಕಂಡಳು. ಈ ಸಲ ಉಪ್ಪು ತಡೆಯುವ ಭತ್ತದ ತಳಿ ಹಚ್ಚಿದ್ದಳು. ಬೀಜ ಕೊಡಿಸಿ ಭಾಷಣ ಬಿಗಿದವನು ಕೃಷಿ ಸಹಾಯಕನಾದ ನಾನೇ.

ಕೆಳಗಿನ ಎಲೆಗಳು ಹಳದಿಯಾದದ್ದೇ ತಡ, ಬೆಳೆ ಸತ್ತಿತೆಂದು ಉತ್ತುಹಾಕಲು ಅವಳು ಟ್ರ್ಯಾಕ್ಟರ್ ಕರೆಸಿದಳು. ನಾನು ಓಡಿದೆ, ನನಗಿಂತ ಮೊದಲು ನನ್ನ ಹೊಟ್ಟೆ ಗದ್ದೆ ತಲುಪಿತು.

“ತಡಿಬೇ ಯವ್ವಾ! ಈ ತಳಿಯೊಳಗಿನ ಜೀನು ಉಪ್ಪನ್ನ ಹಳೇ ಎಲಿಗೆ ತಳ್ಳಿ, ಹೊಸಾ ಸುಳಿ ಉಳಸ್ತೈತಿ.”

ಅವಳು ಬಗ್ಗಿ ನೋಡಿದಳು. ಸುಳಿ ಹಸಿರಾಗಿಯೇ ಇತ್ತು.

“ಅಂದ್ರ ಅತ್ತಿ ತಾನು ಸೊರಗಿ ಸೊಸಿನ್ನ ಉಳಿಸಿದಂಗ ಅನ್ರೀ ಸರ. ನಮ್ಮತ್ತಿ ಈ ತಳಿ ಅಲ್ಲ ಬಿಡ್ರಿ!”

ನಗುತ್ತಲೇ ಡ್ರೈವರನತ್ತ ತಿರುಗಿದಳು:

“ಹೊಳ್ಳಿ ಹೋಗಪಾ, ಇನ್ನೂ ಜೀವ ಐತಿ.”