ಫಿಲೊಮೆನಾಳ ಮುಖ

ಬೋನಿಫಾಸಿಗೆ ಅರವತ್ತೆರಡು ತುಂಬಿತ್ತು, ತಾಯಿಯ ಮುಖ ಮಾತ್ರ ನೆನಪಿರಲಿಲ್ಲ. ಬುದ್ಧಿ ಬಂದಾಗಿನಿಂದ ಮರದಲ್ಲಿ ಮುಖ ಕೆತ್ತಿಯೇ ಹೊಟ್ಟೆ ಹೊರೆದವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ನೆವಾಲಾದ ಸುತ್ತಿನ ಹಳ್ಳಿಗಳಲ್ಲಿ ಮಕೊಂಡೆ ಕುಲದ ಕೆತ್ತನೆಯವರಿಗೇನೂ ಬರವಿಲ್ಲ, ಆದರೆ ಬೋನಿಫಾಸಿಯ ಕೈಯೇ ಬೇರೆ. ಎಂಪಿಂಗೊ ಎಂಬ ಕರಿಮರ ಕಬ್ಬಿಣಕ್ಕೆ ಸಡ್ಡು ಹೊಡೆಯುವಂಥದ್ದು. ಅವನ ಬಾಚಿಯ ಮುಂದೆ ಮಾತ್ರ ತೆಪ್ಪಗಿರುತ್ತಿತ್ತು. ಒಂದೇ ದಿಮ್ಮಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತ ಇಪ್ಪತ್ತು ಜನರನ್ನು ಕೆತ್ತಿದರೂ ಇಪ್ಪತ್ತು ಜನಕ್ಕೂ ಬೇರೆ ಬೇರೆ ಮುಖ. ಕರಾವಳಿಯ ಮ್ತ್ವಾರಾದಿಂದ ಬರುವ ವ್ಯಾಪಾರಿಗಳಿಗೆ ಬೇಕಾಗಿದ್ದು ವಕ್ರ ಕೈಕಾಲಿನ ದೆವ್ವಗಳು. ಅವನ್ನಾದರೆ ಅವನು ಹರಟೆ ಹೊಡೆಯುತ್ತಲೇ ಕೆತ್ತಿ ಮುಗಿಸುತ್ತಿದ್ದ.

ಕೆತ್ತಲಾಗದೆ ಉಳಿದದ್ದು ಒಂದೇ ಮುಖ. ಅವನು ಮೂರು ವರ್ಷದವನಿದ್ದಾಗ ರೊವುಮಾ ನದಿಯ ಆಚೆ ದಡದಲ್ಲಿ ಪೋರ್ಚುಗೀಸರ ಕಾಳಗ ನಡೆದಿತ್ತು. ತಾಯಿ ಫಿಲೊಮೆನಾ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ತನ್ನ ತಂಗಿ ಅಸುಂತಾಳ ಕೈ ಹಿಡಿದುಕೊಂಡು ನದಿ ದಾಟಿದಳು. ಈಚೆ ಬಂದ ಮೇಲೆ ಮಗುವನ್ನು ತಂಗಿಯ ಸೊಂಟಕ್ಕೆ ಏರಿಸಿ, "ಆಚೆ ಉಳಿದ ಅಮ್ಮನ್ನ ಕರ್ಕೊಂಡು ಬಂದ್ಬಿಡ್ತೀನಿ" ಎಂದು ತಿರುಗಿ ನೀರಿಗೆ ಇಳಿದಳು. ಮತ್ತೆ ಬರಲಿಲ್ಲ. ಸತ್ತಳೆಂದು ಯಾರೂ ಬಂದು ಹೇಳಲಿಲ್ಲ, ಹೂಳುವುದಕ್ಕೆ ಹೆಣ ಸಿಗಲಿಲ್ಲ, ಒಂದು ಫೋಟೊ ಕೂಡ ಉಳಿಯಲಿಲ್ಲ.

ಅಸುಂತಾ ಅವನನ್ನು ಸಾಕಿದಳು. ಇಬ್ಬರು ಗಂಡಂದಿರಲ್ಲಿ ಒಬ್ಬನನ್ನು ಹೂತಳು, ಇನ್ನೊಬ್ಬನನ್ನು ಓಡಿಸಿದಳು, ಅಕ್ಕನ ಮಗನನ್ನು ಮಾತ್ರ ಸೆರಗಿನಿಂದ ಬಿಡಲಿಲ್ಲ. ಈಗ ಅವಳಿಗೆ ಎಂಬತ್ತರ ಹತ್ತಿರ. ಹಳೆಯ ಕಾಲದ ಹೆಂಗಸು. ಕೆನ್ನೆಯ ಮೇಲೆ, ಹಣೆಯ ಮೇಲೆ ಸಣ್ಣ ಪ್ರಾಯದಲ್ಲಿ ಕುಯ್ದು ಮಸಿ ತುಂಬಿದ ಗೀರುಗಳು; ಮೇಲ್ದುಟಿಯಲ್ಲಿ ಒಂದು ಕಾಲಕ್ಕೆ ಮರದ ಬಿಲ್ಲೆ ಇದ್ದ ತೂತು. ಬಲಗಣ್ಣಿಗೆ ಪೊರೆ ಬಂದಾಗಿತ್ತು, ಎಡಗಣ್ಣೂ ಮಸುಕಾಗುತ್ತಿತ್ತು. ಫಿಲೊಮೆನಾಳನ್ನು ಕಂಡವರಲ್ಲಿ ಈಗ ಈ ಲೋಕದಲ್ಲಿ ಉಳಿದದ್ದು ಆ ಒಂದು ಕಣ್ಣು ಮಾತ್ರ. ಅದು ಆರಿಹೋಗುವ ಮೊದಲು ತಾಯಿಯ ಮುಖ ಕೆತ್ತಬೇಕು, ಚಿಕ್ಕಮ್ಮ ನೋಡಿ ಹೌದು ಅನ್ನಬೇಕು. ಬೋನಿಫಾಸಿಗೆ ಅಷ್ಟೇ ಬೇಕಿತ್ತು, ಆ ವರ್ಷ ಅವನಿಗೆ ಬೇರೆ ಯಾವುದರಲ್ಲೂ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಊರ ಹಿರಿಯರು ಬಂದು, ದೀಕ್ಷೆಗೆಂದು ಕಾಡಿನ ಬಿಡಾರ ಸೇರಿದ ಹುಡುಗರು ಗಂಡಸರಾಗಿ ಊರಿಗೆ ಮರಳುವ ದಿನ ಹತ್ತಿರವಾಯಿತು, ಹೊಸ ಲಿಪಿಕೊ ಬೇಕು ಎಂದರು. ಲಿಪಿಕೊ ಎಂದರೆ ಕುಣಿಯುವವನು ತಲೆಗೆ ಪೂರ್ತಿ ತೊಡುವ ಮರದ ಮುಖ. ಯಾರ ಮುಖ ಎಂಬುದು ಕೆತ್ತುವವನ ಇಷ್ಟ. ಹೆಂಗಸರ ಪಾಲಿಗೆ ಮಾತ್ರ ಅದು ಮರವೂ ಅಲ್ಲ, ಅದರೊಳಗೆ ಗಂಡಸೂ ಇಲ್ಲ. ಅದು ಎದ್ದು ಬಂದ ಸತ್ತ ಜೀವ. ಹೆಂಗಸರು ಹಾಗೆಂದು ನಂಬಬೇಕು, ಅವರು ನಂಬಿದ್ದಾರೆಂದು ಗಂಡಸರು ನಂಬಬೇಕು. ಇದು ಅಲ್ಲಿನ ಸಂಸಾರಗಳು ನೆಟ್ಟಗಿರುವ ದಾರಿ.

ತಾಯಿ ಎದ್ದು ಬರುವುದಿದ್ದರೆ ಹೀಗೇ ಬರಬೇಕು ಅನ್ನಿಸಿತು ಬೋನಿಫಾಸಿಗೆ. ತೊಡಕು ಒಂದೇ. ಲಿಪಿಕೊ ಕೆತ್ತುತ್ತಿದ್ದೇನೆ, ನಿನ್ನ ಅಕ್ಕ ಹೇಗಿದ್ದಳು ಹೇಳು ಎಂದು ಚಿಕ್ಕಮ್ಮನನ್ನು ಕೇಳುವಂತಿಲ್ಲ. ಅವಳು ಗೋಡಂಬಿ ಸುಲಿಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತ.

"ಚಿಕ್ಕಮ್ಮ, ಸುಮ್ನೆ ಕೇಳ್ತೀನಿ. ಅಮ್ಮನ ಮೂಗು ಹೆಂಗಿತ್ತು?"

"ಸುಮ್ನೆ ಕೇಳ್ತೀಯಾ?" ಅವಳು ಒಳ್ಳೆಯ ಕಣ್ಣನ್ನು ಅವನ ಕಡೆ ತಿರುಗಿಸಿದಳು. "ಅರವತ್ತು ವರ್ಷ ಬಾಯಿ ಬಿಡದವನಿಗೆ ಇವತ್ತು ಮೂಗು ಬೇಕಾಯ್ತು. ಹುಡುಗರು ಕಾಡಲ್ಲಿದ್ದಾರೆ, ಹಿರೀಕರು ನಿನ್ನ ಹುಡುಕ್ಕೊಂಡು ಬಂದು ಹೋದ್ರು. ಹೆಂಗಸು ನಾನು, ನಂಗೇನೂ ಗೊತ್ತಾಗಲ್ಲಪ್ಪ."

"ನಿಂಗೇನೂ ಗೊತ್ತಾಗೋದು ಬೇಡ. ಮೂಗು ಹೇಳು ಸಾಕು."

ಅವಳು ಕಣ್ಣು ಮುಚ್ಚಿದಳು. ಗೋಡಂಬಿಯ ಕರೆ ಹತ್ತಿದ ಬೆರಳು ತನ್ನ ಮೂಗಿನ ಮೇಲೆ ಇಳಿಯಿತು, ಕೆನ್ನೆಗೆ ಸರಿಯಿತು. "ಅಗಲ ಮೂಗು. ತುದೀಲಿ ಸ್ವಲ್ಪ ಎತ್ತಿದಂಗೆ. ಕೆನ್ನೇಲಿ ಮೂರು ಗೀರು, ಒಂದರ ಕೆಳಗೊಂದು, ಡೊಂಕು. ಹಣೇಲಿ ಬಾಣದ ಹಂಗೆ ಎರಡು. ಗಲ್ಲ ಚೂಪು. ಬರ್ಕೋ, ಮರೆತುಬಿಡ್ತೀಯ!"

"ನಾನ್ಯಾಕೆ ಮರೀಲಿ?"

"ಕೂದಲು ಹೇನು ತುಂಬ್ಕೊಂಡಿತ್ತು. ಅದನ್ನೂ ಹಾಕು."

ಹೀಗೆ ಎಂಟು ದಿನ ಅವನು ಏನೂ ಇಲ್ಲದವನಂತೆ ಕೇಳಿದ, ಅವಳು ಏನೂ ತಿಳಿಯದವಳಂತೆ ಹೇಳಿದಳು.

ಹೆಂಗಸರ ಹೆಜ್ಜೆ ಸೋಕದ ಕಾಡಿನ ಬಯಲಲ್ಲಿ ಕೂತು ಅವನು ಕೆತ್ತಿದ. ಲಿಪಿಕೊಗೆ ಕರಿಮರ ಆಗದು, ಹೊತ್ತವನ ಕುತ್ತಿಗೆ ಮುರಿಯುತ್ತದೆ. ಹಗುರ ಮರ ತಂದು, ಒಳಗಿನ ತಿರುಳೆಲ್ಲ ತೋಡಿ, ಗೋಡೆಯನ್ನು ಬೆರಳು ದಪ್ಪಕ್ಕೆ ಇಳಿಸಿದ. ಕುಣಿಯುವವನು ನೋಡುವುದು ಮುಖದ ಬಾಯಿಯ ಮೂಲಕ, ಅದಕ್ಕೆ ಬಾಯಿಯನ್ನು ಸ್ವಲ್ಪ ತೆರೆದು ಬಿಟ್ಟ. ಏನೋ ಹೇಳಲು ಹೊರಟವಳ ಹಾಗೆ ಕಂಡಳು. ಗೀರುಗಳಿಗೆ ಕರಿ ಮೇಣದ ಎಳೆಗಳನ್ನು ಹೊಸೆದು ಅಂಟಿಸಿದ, ಕಿತ್ತ, ಮತ್ತೆ ಅಂಟಿಸಿದ. ಚಿಕ್ಕಮ್ಮ ಹೇಳಿದ್ದು ಸಾಲದ ಕಡೆ ಕೈ ತಾನಾಗಿ ಮುಂದುವರಿಯಿತು. ಹುಬ್ಬು ಹೇಗೆ, ಕಣ್ಣಿನ ಕೆಳಗಿನ ಗುಳಿ ಎಷ್ಟು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೊನೆಗೊಂದು ಮಧ್ಯಾಹ್ನ ಮುಖವನ್ನು ಮೊಣಕಾಲ ಮೇಲಿಟ್ಟು ನೋಡಿದ. ಇವಳು ನನಗೆ ಗೊತ್ತು. ಬಗ್ಗಿ ನನ್ನ ಮೂಗು ಒರೆಸಿದವಳು, ಬಿದ್ದಾಗ ಎತ್ತಿಕೊಂಡವಳು ಇವಳೇ. ಮರೆತಿದ್ದೇನೆಂದು ಇಷ್ಟು ವರ್ಷ ಅಂದುಕೊಂಡದ್ದು ಸುಳ್ಳು, ಅವಳು ಕೈಯೊಳಗೆ ಕೂತಿದ್ದಳು. ಬೋನಿಫಾಸಿ ಒಬ್ಬನೇ ಕೂತು ಅತ್ತ, ಅಳುತ್ತಲೇ ಮುಖಕ್ಕೆ ಕೂದಲು ಅಂಟಿಸಿದ.

ಕುಣಿತದ ದಿನ ಬಿಸಿಲೇರುವ ಮೊದಲೇ ಅಸುಂತಾ ಬಂದು ಹೆಂಗಸರ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಹೊಸ ಕಾಂಗಾ ಉಟ್ಟಿದ್ದಳು. ಮದ್ದಲೆಗಳು ಶುರುವಾದವು. ಸೆವೆರಿನಿ ಎಂಬ ಗಟ್ಟಿಗ ಮೈತುಂಬ ಬಟ್ಟೆ ಸುತ್ತಿ, ಫಿಲೊಮೆನಾಳ ಮುಖ ತೊಟ್ಟು ಕಾಡಿನ ಬದಿಯಿಂದ ಇಳಿದ. ಹೆಂಗಸರು ಪದ್ಧತಿಯಂತೆ ಚೀರಿದರು, ನಗುತ್ತಲೇ ಓಡಿದರು, ಅಷ್ಟು ದೂರ ಹೋಗಿ ತಿರುಗಿ ನಿಂತು "ನಿನ್ನ ಗೋರಿಗೆ ಬಾಗಿಲಿಲ್ವಾ, ಹೋಗೇ!" ಎಂದು ಅಣಕಿಸಿದರು. ಅಸುಂತಾ ಓಡಲಿಲ್ಲ. ಲಿಪಿಕೊ ಹತ್ತಿರ ಹತ್ತಿರ ಬಂತು. ಅವಳು ಕತ್ತು ಮುಂದೆ ಚಾಚಿ, ಇದ್ದ ಒಂದು ಕಣ್ಣಿನಿಂದ ನೋಡಿದಳು, ಇನ್ನೂ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ, ಜನರನ್ನು ಸರಿಸಿಕೊಂಡು ಮನೆಯ ದಾರಿ ಹಿಡಿದಳು.

ಬೋನಿಫಾಸಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮದ್ದಲೆ ಬಡಿಯುತ್ತಿರುವಾಗಲೇ ಮನೆಗೆ ಬಂದ. ಅವಳು ಅಂಗಳದಲ್ಲಿ ಕೂತು ಮರಗೆಣಸು ಹೆರೆಯುತ್ತಿದ್ದಳು.

"ಯಾಕೆ ಬಂದ್ಬಿಟ್ಟೆ ಚಿಕ್ಕಮ್ಮ? ಇವತ್ತು ಎದ್ದು ಬಂದಿದ್ದು ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು," ಎಂದಳು ಅಸುಂತಾ. "ನಾನು."

ಅವನಿಗೆ ಅರ್ಥವಾಗಲಿಲ್ಲ.

"ನಾನು ಕಣೋ. ಇಪ್ಪತ್ತು ವರ್ಷದ ನಾನು. ನಿನ್ನನ್ನ ಸೊಂಟಕ್ಕೇರಿಸ್ಕೊಂಡು ಊರೆಲ್ಲ ತಿರುಗ್ತಿದ್ದೆನಲ್ಲ, ಆವಾಗಿನ ಮುಖ. ಉಸಿರಾಡೋಳನ್ನ ಹಿಡ್ಕೊಂಡು ಹೋಗಿ ಸತ್ತವರ ಜೊತೆ ಕುಣಿಸೋದಾ? ಇನ್ನೂ ಒಲೆ ಹಚ್ತೀನಿ, ಬೈತೀನಿ, ನಿನ್ನ ಹೆಂಡ್ತಿ ಹತ್ರ ಜಗಳ ಆಡ್ತೀನಿ!" ಎಂದವಳು ತಕ್ಷಣ ಸಾವರಿಸಿಕೊಂಡಳು. "ನಿಂಗ್ಯಾಕೆ ಹೇಳ್ತಿದೀನಿ. ಸತ್ತವರು ಅವರಷ್ಟಕ್ಕೆ ಬಂದ್ರು, ನಿಂದೇನಿದೆ ಅದ್ರಲ್ಲಿ."

ಬೋನಿಫಾಸಿಯ ಕಣ್ಣ ಮುಂದೆ ಆ ಮುಖ ಮತ್ತೆ ಬಂತು. ಹುಬ್ಬು, ಕಣ್ಣ ಕೆಳಗಿನ ಗುಳಿ, ಎತ್ತಿದ ಮೂಗು. ಎದುರಿಗೆ ಅದೇ ಮುಖ ಅರವತ್ತು ವರ್ಷದ ಸುಕ್ಕು ಹೊದ್ದು ಕೂತಿತ್ತು. ಅಷ್ಟು ದೊಡ್ಡ ಕೆತ್ತನೆಗಾರನಿಗೆ ಇದು ಕಂಡಿರಲಿಲ್ಲ.

"ನೀನು ಹೇಳಿದ ಹಾಗೇ..." ಎಂದ. ಯಾರು ಕೆತ್ತಿದ್ದೆಂದು ಬಾಯಿಬಿಟ್ಟಂತಾಯಿತು ಎನ್ನುವುದೂ ಅವನಿಗೆ ತೋಚಲಿಲ್ಲ.

"ಹೇಳ್ದೆ ಕಣೋ." ಅವಳು ಚಾಕು ಕೆಳಗಿಟ್ಟಳು. "ಅವಳ ಮುಖ ನಂಗೆ ಮರೆತುಹೋಗಿ ಎಷ್ಟು ವರ್ಷ ಆಯ್ತೋ ಲೆಕ್ಕ ಇಲ್ಲ. ದಿನಾ ನದಿ ಕಡೆ ನೋಡ್ತೀನಿ, ಅವಳ ನಡಿಗೆ ಬರುತ್ತೆ, ಕೆಮ್ಮು ಕೇಳುತ್ತೆ, ಮುಖ ಬರಲ್ಲ. ನೀನು ಬಂದು ಮೂಗು ಹೇಳು ಅಂದಾಗ ಇಲ್ಲ ಅನ್ನೋಕೆ ಆಗ್ಲಿಲ್ಲ. ಬೆರಳಿಗೆ ಸಿಕ್ಕಿದ್ದು ನನ್ನ ಮುಖ. ಅದನ್ನೇ ಹೇಳ್ದೆ."

"ಮತ್ತೆ ಯಾಕೆ ಅಷ್ಟು ಬೇಗ ಹೋಗಿ ಎಲ್ಲರಿಗಿಂತ ಮುಂದೆ ನಿಂತೆ?"

ಅವಳು ಹೆರೆದ ಗೆಣಸನ್ನು ಪಕ್ಕಕ್ಕೆ ಸರಿಸಿದಳು. "ನೀನು ಅವಳ ಹೊಟ್ಟೇಲಿ ಹುಟ್ಟಿದವನು. ನಾನು ಏನು ಸುಳ್ಳು ಹೇಳಿದ್ರೂ ನಿನ್ನ ಕೈ ಅದನ್ನ ಸರಿ ಮಾಡುತ್ತೆ ಅಂದ್ಕೊಂಡೆ. ಕಣ್ಣು ಹೋಗೋದ್ರೊಳಗೆ ಅಕ್ಕನ್ನ ಒಂದ್ಸಲ ನೋಡ್ಬೇಕಿತ್ತು, ಬೋನಿ. ನಿನ್ನ ಹತ್ರ ಇದ್ದಾಳೆ ಅಂತ ನಂಬ್ಕೊಂಡಿದ್ದೆ."

ಬೋನಿಫಾಸಿ ಅವಳ ಪಕ್ಕದ ನೆಲದ ಮೇಲೆ ಕೂತ.

"ನಾನು ನಿನ್ನ ಹತ್ರ ಇದ್ದಾಳೆ ಅಂದ್ಕೊಂಡಿದ್ದೆ, ಚಿಕ್ಕಮ್ಮ."