ಏಳು ಸಲ ನೀರು, ಒಂದು ಹಿಡಿ ಮಣ್ಣು

ನುಸೈಬಾ ಈ ಲೋಕದಲ್ಲಿ ಹೆದರುತ್ತಿದ್ದದ್ದು ಒಬ್ಬನಿಗೇ, ನನ್ನ ನಾಯಿ ಕೆಂಚನಿಗೆ. ಅಜ್ಜಾವರದಲ್ಲಿ ಮಂಡಿನೋವಿನವರ ಮನೆಗೆ ಹೋಗಿ ಆಕ್ಯುಪ್ರೆಷರ್ ಮಾಡುವ ಹೆಂಗಸು ಆಕೆ. ತಾಯಿಯ ಮಂಡಿಗಾಗಿ ಪುತ್ತೂರಿನ ಶಿಬಿರದಲ್ಲಿ ಕಲಿತದ್ದು. ತಾಯಿ ತೀರಿಕೊಂಡ ಮೇಲೆ ಊರವರ ಮಂಡಿಗಳೆಲ್ಲ ಆಕೆಯ ಪಾಲಿಗೆ ಬಂದವು. ಪ್ರತಿ ಮಂಗಳವಾರ ನನ್ನ ಕಾಲು ಒತ್ತಲು ಬಂದಾಗ ಗೇಟಿನಾಚೆಯೇ ನಿಂತು ಕೂಗುತ್ತಿದ್ದಳು: “ಕುಮುದಿನಿಯಕ್ಕಾ, ನಾಯಿಯನ್ನು ಕಟ್ಟಿ ಮಾರಾಯ್ರೆ!”

ಈ ವರ್ಷ ಆ ಕೂಗು ನಿಂತಿತು. ಹನ್ನೊಂದು ವರ್ಷದ ಕೆಂಚನ ಸೊಂಟದ ಗಂಟುಗಳು ಹಿಡಿದು, ಜಗಲಿಯಲ್ಲಿ ಮಲಗಿದವನು ಏಳಲೇ ಇಲ್ಲ. ಪ್ರಾಣಿಗಳ ಡಾಕ್ಟ್ರು ಮದ್ದು ಕೊಟ್ಟು, “ಹದಿನೈದು ದಿನ ನೋಡುವ. ಏಳದಿದ್ದರೆ ಹಿಂಸೆ ಬೇಡ, ಇಂಜೆಕ್ಷನ್ ಕೊಟ್ಟು ಮಲಗಿಸುವ” ಎಂದರು. ನನಗೆ ಅಳು ಬಂತು.

ನುಸೈಬಾ ದೂರದಿಂದಲೇ ಕೆಂಚನನ್ನು ನೋಡುತ್ತಾ ನಿಂತಳು. “ಗಂಟು ಅಲ್ವಾ? ನಾಯಿಗೂ ಗಂಟು ಗಂಟೇ” ಎಂದಳು. ಎಲ್ಲಿ ಒತ್ತಬಹುದು, ಎಲ್ಲಿ ಬಾರದು ಎಂದು ಡಾಕ್ಟ್ರಿಗೇ ಫೋನು ಮಾಡಿಸಿ ಕೇಳಿದಳು. ಆಮೇಲೆ ಕೆಂಚನ ಮೇಲೆ ಬೈರಾಸು ಹೊದೆಸಿ, ಬಟ್ಟೆಯ ಮೇಲಿಂದ ತಡಕಾಡಿದಳು. ಬೆರಳಿಗೆ ಜಾಗ ಸಿಗಲಿಲ್ಲ. ಕೆಂಚ ನೋವಿನಿಂದ ಕುಂಯ್ ಎಂದ.

ನನ್ನದು ಎಲುಬಿಲ್ಲದ ನಾಲಿಗೆ. “ಅಷ್ಟು ಅಸಹ್ಯ ಆಗುದಾದರೆ ಬಿಡು ನುಸೈಬಾ!” ಎಂದುಬಿಟ್ಟೆ.

“ಅಸಹ್ಯ ಎಂತದ್ದಕ್ಕೆ ಅಕ್ಕ? ಇವನ ಎಂಜಲು ತಾಗಿದರೆ ನಮ್ಮಲ್ಲಿ ಏಳು ಸಲ ತೊಳಿಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಮತ್ತೆಯೇ ನಮಾಜು.” ಅಂಗಳದ ನೀರಿನ ನಳ್ಳಿಯತ್ತ ನೋಡಿ, “ನಿಮ್ಮಲ್ಲಿ ನೀರು ಉಂಟಲ್ಲ, ಮಣ್ಣೂ ಉಂಟು” ಎಂದು ಬೈರಾಸನ್ನು ತೆಗೆದು ಬದಿಗಿಟ್ಟಳು. ನನಗೆ ನಾಚಿಕೆಯಾಯಿತು.

ಅಂದಿನಿಂದ ದಿನಾ ಬಂದಳು. ಹಿಂಗಾಲಿನ ಗಂಟಿನ ಸುತ್ತ ಹೆಬ್ಬೆರಳು ಇಟ್ಟು ಮೆಲ್ಲ ಒತ್ತುವಾಗ ಕೆಂಚ ಕಣ್ಣು ಮುಚ್ಚುತ್ತಿದ್ದ. ಮುಗಿಯುವ ಹೊತ್ತಿಗೆ ತಪ್ಪದೆ ಆಕೆಯ ಕೈ ನೆಕ್ಕುತ್ತಿದ್ದ. “ಅಯ್ಯೋ ಕಳ್ಳ, ಇವತ್ತೂ ತೊಳೆಸಿದೆಯಲ್ಲಾ!” ಎಂದು ಬಯ್ಯುತ್ತಿದ್ದಳು. ನಳ್ಳಿಯ ಪಕ್ಕ ತೆಂಗಿನ ಗೆರಟೆಯಲ್ಲಿ ಒಳ್ಳೆಯ ಮಣ್ಣು ತುಂಬಿಡುವುದು ನನ್ನ ಕೆಲಸವಾಯಿತು. ಆಕೆ ತೊಳೆದಳು, ನಾನು ಎಣಿಸಿದೆ.

ಹದಿನಾಲ್ಕನೆಯ ದಿನವೂ ಕೆಂಚ ಏಳಲಿಲ್ಲ. ಆ ದಿನ ನುಸೈಬಾ ಕೈ ತೊಳೆಯಲು ಅವಸರ ಮಾಡಲಿಲ್ಲ, ಅವನ ತಲೆ ಸವರುತ್ತಾ ಕುಳಿತಳು. “ಪಾಪದವ” ಎಂದಳು, ಅಷ್ಟೇ.

ಮರುದಿನ ಡಾಕ್ಟ್ರು ಬರುವವರಿದ್ದರು. ನಾನು ಒಳಗೆ ಕೆಂಚನ ಕೊನೆಯ ಊಟವೆಂದು ಮೀನು ಬೇಯಿಸುತ್ತಿದ್ದೆ. ಗೇಟಿನಿಂದ ಕೂಗು ಕೇಳಿತು:

“ಕುಮುದಿನಿಯಕ್ಕಾ! ನಾಯಿಯನ್ನು ಕಟ್ಟಿ ಮಾರಾಯ್ರೆ!”

ಸೌಟು ಬಿಸಾಡಿ ಓಡಿದೆ. ಜಗಲಿ ಖಾಲಿ. ಹಿಂಗಾಲು ನಡುಗಿಸಿಕೊಂಡು ಕೆಂಚ ಗೇಟಿಗೆ ಮೂತಿ ಒತ್ತಿ ನಿಂತಿದ್ದ. ಆಚೆ ನುಸೈಬಾ, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಗೇಟಿನ ಸಂದಿಯಿಂದ ಕೈಯನ್ನು ಆಕೆಯೇ ಒಳಗೆ ಚಾಚಿದ್ದಳು.

ಮದ್ದಿನಿಂದಲೋ ಬೆರಳಿನಿಂದಲೋ, ಯಾರು ಬೇಕಾದರೂ ವಾದ ಮಾಡಲಿ. ನಾನು ಮಣ್ಣು ತರಲು ಹೋದೆ.