ಕಟ್ಟದ ಮನೆಯ ಕರೆಂಟು

ಸರಳಾ ಅವರನ್ನು ನಾನು ಮೊದಲು ಹೃದ್ರೋಗಿ ಎಂದು ತಿಳಿದಿದ್ದೆ. ಯಲಹಂಕದ ಕಡೆಯಿಂದ ಕೊಡಿಗೇಹಳ್ಳಿಗೆ ಬರುವ ಬಸ್ಸಿನಲ್ಲಿ ಅವರು ಕಂಬ ಹಿಡಿದು ನಿಂತಿದ್ದರು. ಸೊಂಟದಲ್ಲೊಂದು ಬಟ್ಟೆಯ ಚೀಲ, ಅದರಿಂದ ಹೊರಟ ಕಪ್ಪು ವೈರು ಸೆರಗಿನೊಳಗೆ ಹೋಗಿ ಮಾಯವಾಗಿತ್ತು. ಸ್ವಲ್ಪ ದಿನದ ಹಿಂದೆ ನನ್ನ ಭಾವಮೈದುನನ ಎದೆಗೂ ಆಸ್ಪತ್ರೆಯವರು ಇಂಥದೇ ಯಂತ್ರ ಕಟ್ಟಿ ಕಳಿಸಿದ್ದರಾದ್ದರಿಂದ ಈ ವಿಷಯದಲ್ಲಿ ನಾನು ಅರ್ಧ ಡಾಕ್ಟರು. ಎದ್ದು ಸೀಟು ಬಿಟ್ಟುಕೊಟ್ಟೆ. ಕೊಟ್ಟವನು ಸುಮ್ಮನಿರಬಹುದಿತ್ತು. ಉಪ್ಪು ಕಡಿಮೆ ಮಾಡಿ, ಮಹಡಿ ಮೆಟ್ಟಿಲು ಹತ್ತಬೇಡಿ, ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡಿ ಎಂದು ಬ್ಯಾಟರಾಯನಪುರದವರೆಗೂ ಹೇಳಿದೆ. ಅಕ್ಕಪಕ್ಕದ ಹೆಂಗಸರು ಮರುಕದಿಂದ ನೋಡತೊಡಗಿದರು. ಸರಳಾ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು ಸಾರ್" ಎಂದು ಕೊಡಿಗೇಹಳ್ಳಿಯಲ್ಲಿ ಇಳಿದು ಹೋದರು.

ನಾನೂ ಅಲ್ಲೇ ಇಳಿದು ಮನೆಗೆ ಬಂದು ಹೆಂಡತಿಗೆ ಈ ಪರೋಪಕಾರವನ್ನು ವರದಿ ಮಾಡಿದೆ.

"ಅಯ್ಯೋ, ಅವ್ರು ನಮ್ಮ ಸರಳಾ ಕಣ್ರೀ! ನನ್ ಬ್ಲೌಸೆಲ್ಲ ಹೊಲಿದಿರೋದು ಅವ್ರೇ. ಹಾರ್ಟೂ ಇಲ್ಲ ಗೀರ್ಟೂ ಇಲ್ಲ, ಅದು ಬ್ಯಾಟ್ರಿ ಚೀಲ. ರಾತ್ರಿ ಚಾರ್ಜಿಗ್ ಹಾಕೋಕೆ ಮನೆಗ್ ತರ್ತಾರೆ. ನೀವು ಬಸ್ಸಲ್ಲೆಲ್ಲ ಸಾರಿದ್ರಾ? ನಾಳೆಯಿಂದ ಊರೋರೆಲ್ಲ ಅವ್ರ ಆರೋಗ್ಯ ವಿಚಾರಿಸ್ತಾರೆ."

ವಿಚಾರಿಸಿದರಂತೆ. ಒಬ್ಬರು ಎಳನೀರನ್ನೂ ತಂದುಕೊಟ್ಟರಂತೆ.

ಸರಳಾ ಕೊಡಿಗೇಹಳ್ಳಿಯಲ್ಲೇ ಹುಟ್ಟಿ, ಅಲ್ಲೇ ಒಂದು ಅಂಗಡಿಯಲ್ಲಿ ಬಹಳ ವರ್ಷ ಬ್ಲೌಸು ಹೊಲಿದು, ಸೀರೆಗೆ ಫಾಲ್ಸು ಹಚ್ಚಿದವರು. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದರು, ಜೊತೆಗೆ ನಾಲ್ಕು ಮಾತನ್ನೂ ಕೊಡುತ್ತಿದ್ದರು. ಅಳತೆಗೆ ಹೋದವರು "ದಪ್ಪ ಆಗಿದೀನಾ?" ಎಂದು ಕೇಳಿದರೆ "ಹೂಂ" ಅನ್ನುತ್ತಿದ್ದರು. ಆಮೇಲೆ ರೆಡಿಮೇಡ್ ಬ್ಲೌಸುಗಳು ಬಂದವು, ಭುಜದ ನೋವೂ ಬಂತು. ಮಿಷನ್ನು ಮಾರಿ, ಅಂಗಡಿ ಬಿಟ್ಟುಕೊಟ್ಟು, ಚಿಕ್ಕಬೈರಪ್ಪನವರ ಬಳಿ ಕೆಲಸಕ್ಕೆ ಸೇರಿದರು.

ಚಿಕ್ಕಬೈರಪ್ಪನವರು ಚಿಕ್ಕಜಾಲದ ಬಿಲ್ಡರು. ತಂದೆಯ ಕಾಲದಲ್ಲಿ ದ್ರಾಕ್ಷಿ ಚಪ್ಪರವಿದ್ದ ಜಮೀನಿನಲ್ಲಿ ಈಗ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿದೆ ಎಂದು ಅವರು ಹೇಳುತ್ತಾರೆ. ಸದ್ಯಕ್ಕೆ ಏಳುವ ಬದಲು ಇಳಿಯುತ್ತಿದೆ. ಅಲ್ಲಿರುವುದು ಒಂದು ದೊಡ್ಡ ಗುಂಡಿ, ಒಂದು ಜೆಸಿಬಿ, ಒಂದು ತಗಡಿನ ಷೆಡ್ಡು. ಷೆಡ್ಡಿನೊಳಗೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ಟು. ಅದನ್ನು ಹಾಕಿಕೊಂಡರೆ ಇನ್ನೂ ಕಟ್ಟದ ಮನೆಯೊಳಗೆ ಓಡಾಡಬಹುದು. ಬಾಗಿಲಲ್ಲಿ 'ವೈರ್‌ಲೆಸ್ ಗೃಹದರ್ಶನ' ಎಂಬ ಬೋರ್ಡು. ಮನೆ ನೋಡುವವರ ತಲೆಗೆ ಅದನ್ನು ಕಟ್ಟುವುದು, ಬಿಚ್ಚುವುದು, ಅವರು ಗೋಡೆಗೆ ಹೋಗಿ ಗುದ್ದದಂತೆ ತಡೆಯುವುದು ಸರಳಾ ಅವರ ಕೆಲಸ.

ಹೆಡ್‌ಸೆಟ್ಟಿನೊಳಗಿನ ಬ್ಯಾಟರಿ ಎರಡು ಗಂಟೆಗೆ ಸುಸ್ತಾಗುತ್ತದೆ. ಮಧ್ಯೆ ಬಿಡುವು ಕೊಟ್ಟು ಚಾರ್ಜು ಮಾಡಬಹುದಿತ್ತು. ಆದರೆ ನಮ್ಮ ಜನ ರಾಹುಕಾಲದಲ್ಲಿ ಮನೆ ನೋಡುವುದಿಲ್ಲ. ಭಾನುವಾರ ಸಂಜೆ ರಾಹುಕಾಲ ಇರುವುದರಿಂದ ಎಲ್ಲರೂ ಅದಕ್ಕೆ ಮುಂಚೆಯೇ ಒಟ್ಟಿಗೆ ಬಂದು ಸಾಲು ನಿಲ್ಲುತ್ತಾರೆ. ಹಾಗಾಗಿ ಹೆಡ್‌ಸೆಟ್ಟಿಗೆ ಪವರ್ ಬ್ಯಾಂಕ್ ಸಿಕ್ಕಿಸುವ ಏರ್ಪಾಡಾಯಿತು. ಮೊದಲು ಅದನ್ನು ತಲೆಯ ಹಿಂದಿನ ಪಟ್ಟಿಗೆ ಕಟ್ಟಿದರು. ತುರುಬು, ಮಲ್ಲಿಗೆ ದಂಡೆ ಇದ್ದವರು ಒಪ್ಪಲಿಲ್ಲ. ಆಗ ಸರಳಾ ಎಲೆಯಡಿಕೆ ಸಂಚಿಯ ಮಾದರಿಯಲ್ಲಿ, ಲಾಡಿ ಎಳೆದರೆ ಬಾಯಿ ಮುಚ್ಚುವ ಚೀಲವನ್ನು ಕೈಯಲ್ಲೇ ಹೊಲಿದು ಜನರ ಸೊಂಟಕ್ಕೆ ಕಟ್ಟತೊಡಗಿದರು. ವೈರು ಬೆನ್ನ ಮೇಲೆ ಹತ್ತಿ ತಲೆ ಸೇರುತ್ತಿತ್ತು.

"ಏನಮ್ಮಾ ಇದು? ಹೊರಗಡೆ ವೈರ್‌ಲೆಸ್ ಅಂತ ಅಷ್ಟುದ್ದ ಬೋರ್ಡ್ ಹಾಕ್ಸಿದೀನಿ, ನೀನ್ ಒಳಗೆ ವೈರ್ ಕಟ್ತಿದೀಯಲ್ಲ?" ಎಂದರು ಚಿಕ್ಕಬೈರಪ್ಪನವರು.

"ಕಾಣಿಸ್ಬಾರ್ದು ತಾನೇ ಸಾರ್? ಸೆರಗು ಇರೋದ್ಯಾಕೆ?"

"ಗಂಡಸ್ರಿಗೆ?"

"ಷರ್ಟಿನ ಒಳಗೆ ಬಿಡ್ತೀನಿ. ಯಾರೂ ಬೇಡ ಅಂದಿಲ್ಲ."

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ಶನಿವಾರ ರಾತ್ರಿ ಸರಳಾ ಪವರ್ ಬ್ಯಾಂಕುಗಳನ್ನು ಚಾರ್ಜಿಗೆ ಹಾಕಿದರು, ಗೋಡೆಯ ಸ್ವಿಚ್ಚು ಒತ್ತಲು ಮರೆತರು. ಮರುದಿನ ಆರ್.ಟಿ. ನಗರದ ದೊಡ್ಡ ಕುಟುಂಬವೊಂದು ಬಂತು. ಹಿರಿಯಣ್ಣ ಹೆಡ್‌ಸೆಟ್ಟು ಹಾಕಿಕೊಂಡು, ಬಲಗಾಲಿಟ್ಟು ಒಳಗೆ ಹೋಗಿ, ದೇವರಮನೆ ಮುಂದೆ ಕೈಮುಗಿಯುವ ಹೊತ್ತಿಗೆ ಎಲ್ಲ ಕತ್ತಲು. ಹೊಸ ಮನೆ, ದೇವರ ಮುಂದೆ ದೀಪ ಆರಿತು! ಬ್ಯಾಟರಿ ಎಂದು ಹೇಳಿದರೂ ಯಾರು ಕೇಳುತ್ತಾರೆ? ಬಂದವರು ಕಾಫಿಯನ್ನೂ ಕುಡಿಯದೆ ಕಾರು ಹತ್ತಿದರು.

"ಇನ್ನೊಂದ್ಸಲ ಆ ಮನೇಲಿ ಕತ್ಲಾದ್ರೆ, ನೀನು ವಾಪಸ್ ಹೋಗಿ ಬ್ಲೌಸ್ ಹೊಲ್ಕೊಂಡಿರಮ್ಮ," ಎಂದರು ಚಿಕ್ಕಬೈರಪ್ಪನವರು.

ಮಿಷನ್ನು ಮಾರಿದ್ದು ಅವರಿಗೆ ಗೊತ್ತಿರಲಿಲ್ಲ.

ಅದಾದ ಮೇಲಿನ ಭಾನುವಾರ ನಾನೂ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಫ್ಲ್ಯಾಟು ಕೊಳ್ಳುವ ಶಕ್ತಿಯಿಲ್ಲದವರಿಗೂ ಕಾಫಿ ಕೊಡುತ್ತಾರೆ ಎಂದು ಗೊತ್ತಾಗಿತ್ತು. ಅಂದು ಮುನಿನಾರಾಯಣಮ್ಮನವರು ಬರುವವರಿದ್ದರು. ಗುಂಡಿಗೂ ಹೆದ್ದಾರಿಗೂ ನಡುವೆ ಇರುವ ತುಂಡು ಜಾಗ ಈ ಮುದುಕಿಯದು. ಅವರು ಕೊಡದಿದ್ದರೆ ಹನ್ನೆರಡು ಅಂತಸ್ತಿಗೂ ದಾರಿಯಿಲ್ಲ. ಬದಲಿಗೆ ಮೇಲಂತಸ್ತಿನಲ್ಲೊಂದು ಫ್ಲ್ಯಾಟು ಎಂದು ಮಾತಾಗಿತ್ತು. ಅವರಿಗೆ ಸದ್ದಾಗಬಾರದೆಂದು ಚಿಕ್ಕಬೈರಪ್ಪನವರು ಜನರೇಟರನ್ನೇ ಆರಿಸಿದ್ದರು. ಷೆಡ್ಡಿಗೆ ಬೇರೆ ಕರೆಂಟಿಲ್ಲ. ಫ್ಯಾನು ನಿಂತಿತು. ಬೆಳಗಿನಿಂದ ದುಡಿದ ಹೆಡ್‌ಸೆಟ್ಟಿನ ಸ್ವಂತ ಬ್ಯಾಟರಿಯಲ್ಲಿ ಉಳಿದದ್ದು ಒಂದೆರಡು ನಿಮಿಷದ ಉಸಿರು, ಮಿಕ್ಕಿದ್ದಕ್ಕೆಲ್ಲ ಪವರ್ ಬ್ಯಾಂಕೇ ಗತಿ. ಇದ್ದ ಎರಡರಲ್ಲಿ ಒಂದು ಚೀಲದಲ್ಲಿ, ಇನ್ನೊಂದು ಮೇಜಿನ ಮೇಲೆ.

"ಏನ್ಲಾ ಬೈರ, ಮನೆ ಎಲ್ಲೈತೆ? ಬರೀ ಗುಂಡಿ ಐತಲ್ಲ," ಎನ್ನುತ್ತ ಮುನಿನಾರಾಯಣಮ್ಮ ಬಂದರು. ಚಿಕ್ಕಬೈರಪ್ಪನವರನ್ನು 'ಬೈರ' ಎಂದು ಕರೆಯುವವರು ಭೂಮಿಯ ಮೇಲಿದ್ದಾರೆಂದು ನಮಗೆ ಅಂದೇ ತಿಳಿದದ್ದು.

"ಇದ್ರೊಳಗೈತೆ ದೊಡ್ಡಮ್ಮ. ನಿಜವಾದ್ ಮನೆನೇ ಅನ್ಕೊಳ್ಳಿ."

ಮುದುಕಿ ಚಪ್ಪಲಿ ಬಿಟ್ಟರು. ಸರಳಾ ಚೀಲ ಕಟ್ಟಿ, ಹೆಡ್‌ಸೆಟ್ಟು ತೊಡಿಸಿ, ಕೈಹಿಡಿದು ನಡೆಸಿದರು. ಹಾಲು, ರೂಮು, ಬಚ್ಚಲು ಎಲ್ಲ ನೋಡಿಯಾಯಿತು. ಅಡುಗೆಮನೆ ಇಕ್ಕಟ್ಟು ಎಂಬ ಟೀಕೆಯೂ ಬಂತು.

"ತೆಗೀಲಾ ದೊಡ್ಡಮ್ಮ?" ಎಂದರು ಚಿಕ್ಕಬೈರಪ್ಪನವರು.

"ಒತ್ತೆಷ್ಟಾಯ್ತು? ರಾವುಕಾಲ ಸುರುವಾಯ್ತಾ?"

"ಈಗಷ್ಟೆ."

"ಅಂಗಾರೆ ಬ್ಯಾಡ. ರಾವುಕಾಲ್ದಾಗೆ ಒಸ ಮನೆ ಒಸ್ಲು ದಾಟ್ಬಾರ್ದು. ಮುಗೀಲಿ, ಆಮ್ಯಾಕ್ ಬತ್ತೀನಿ."

"ದೊಡ್ಡಮ್ಮ, ಅದು ನಿಜವಾದ್ ಮನೆ ಅಲ್ಲ..."

"ಅಲ್ವಾ? ಮತ್ಯಾಕ್ಲಾ ನನ್ನ್ ಜಾಗ ಕೇಳ್ತಿದೀಯ?"

"ನಿಜವಾದ್ದೇ ದೊಡ್ಡಮ್ಮ, ಕೂತ್ಕೊಳ್ಳಿ."

ಸರಳಾ ಹಿಂದಿನಿಂದ ಪ್ಲಾಸ್ಟಿಕ್ ಕುರ್ಚಿ ತಳ್ಳಿದರು. ಮುನಿನಾರಾಯಣಮ್ಮ ಹನ್ನೆರಡನೇ ಅಂತಸ್ತಿನ ಬಾಲ್ಕನಿ ಕಡೆ ಮುಖ ಮಾಡಿ ಕೂತರು. ಸೆಖೆ ತಡೆಯಲಾರದೆ ಸರಳಾ ಬ್ರೋಷರಿನಿಂದ ಇಬ್ಬರಿಗೂ ಗಾಳಿ ಬೀಸಿದರು. "ಮೇಲ್ಗಡೆ ಗಾಳಿ ಸಂದಾಗೈತೆ ಕಣ್ಲಾ," ಎಂದರು ಮುದುಕಿ.

ರಾಹುಕಾಲ ಒಂದೂವರೆ ಗಂಟೆ. ಮುದುಕಿ ಒಳಗೆ ಕೂತು ಊರಿನ ವಿಷಯ ಮಾತಾಡುತ್ತಲೇ ಇದ್ದರು. ಸೊಂಟದ ಚೀಲದ ಬಾಯಿ ಸಡಿಲಿಸಿ ಸರಳಾ ಆಗಾಗ ಇಣುಕುತ್ತಿದ್ದರು. ಪವರ್ ಬ್ಯಾಂಕಿನ ಮೇಲಿನ ಚುಕ್ಕಿದೀಪಗಳು ಒಂದೊಂದಾಗಿ ಆರಿ, ಕೊನೆಯದು ಮಿಣುಕತೊಡಗಿತು. ಬದಲಾಯಿಸೋಣವೆಂದು ಮೇಜಿನತ್ತ ಬಂದರೆ ಎರಡನೆಯದು ಇಲ್ಲ.

ಅದು ಚಿಕ್ಕಬೈರಪ್ಪನವರ ಅಂಗೈಯಲ್ಲಿತ್ತು. ಬೆಳಗಿನಿಂದ ತಮ್ಮದೇ ವಿಡಿಯೋ ಮಾಡಿಸಿಕೊಂಡು ಅವರ ಫೋನು ಬತ್ತಿಹೋಗಿ, ಈಗ ಅದನ್ನು ಕುಡಿಯುತ್ತಿತ್ತು. ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ಸರಳಾ ಕೈಸನ್ನೆ ಮಾಡಿದರು. ಅವರು ನೊಣ ಓಡಿಸುವಂತೆ ಕೈಯಾಡಿಸಿದರು. "ಸಾರ್, ಬ್ಯಾಟ್ರಿ," ಎಂದರು. "ಇರಮ್ಮ, ದೊಡ್ಡೋರ ಹತ್ರ ಮಾತಾಡ್ತಿದೀನಿ," ಎಂದು ಬೆನ್ನು ತಿರುಗಿಸಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ನೋಡಿದೆ.

ಸರಳಾ ಹಿಂದಿನಿಂದ ಹೋಗಿ, ನೂಲು ಕಡಿಯುವವರ ಹಾಗೆ ಒಂದೇ ಎಳೆತಕ್ಕೆ ವೈರು ಕಿತ್ತು ಪವರ್ ಬ್ಯಾಂಕು ತೆಗೆದುಕೊಂಡರು.

"ಈ ಏರಿಯಾದಲ್ಲಿ ನಮ್ಮನ್ ಬಿಟ್ರೆ ಇನ್ಯಾರಿದಾರೆ ಹೇಳಿ—" ಎಂಬಲ್ಲಿಗೆ ಚಿಕ್ಕಬೈರಪ್ಪನವರ ಫೋನು ಕಣ್ಣು ಮುಚ್ಚಿತು.

"ಏಯ್! ಯಾರಮ್ಮ ನಿಂಗೆ—"

"ಯಾವನ್ಲಾ ಅದು ಮನೆಯೊಳಗೆ ಕೂಗಾಡೋನು?" ಕುರ್ಚಿಯಿಂದ ಪ್ರಶ್ನೆ ಬಂತು.

"ನಾನೇ ದೊಡ್ಡಮ್ಮ, ಬೈರ."

"ಚಪ್ಲಿ ಬಿಟ್ಟು ಬಂದಿದೀಯೋ ಇಲ್ವೋ?"

ಚಿಕ್ಕಬೈರಪ್ಪನವರು ತಮ್ಮ ಬಿಳಿ ಷೂ ನೋಡಿಕೊಂಡರು. ಗುಂಡಿಯ ಪಕ್ಕದ ಮಣ್ಣು ನೆಲದಲ್ಲಿ ಬಗ್ಗಿ, ಒಂದೊಂದಾಗಿ ಬಿಚ್ಚಿದರು. ಅಷ್ಟರಲ್ಲಿ ಸರಳಾ ಹಳೆಯದನ್ನು ತೆಗೆದು, ಹೊಸದಕ್ಕೆ ವೈರು ಸಿಕ್ಕಿಸಿ, ಲಾಡಿ ಎಳೆದಿದ್ದರು. ಮುದುಕಿಗೆ ಏನೂ ತಿಳಿಯಲಿಲ್ಲ.

ರಾಹುಕಾಲ ಮುಗಿದ ಮೇಲೆ ಮುನಿನಾರಾಯಣಮ್ಮ ಹೊಸಿಲು ದಾಟಿ ಹೊರಬಂದು ಕಣ್ಣುಜ್ಜಿಕೊಂಡರು. "ಆರ್.ಟಿ. ನಗರದೋರಿಗೆ ದೀಪ ಆರೋಯ್ತು ಅಂತಿದ್ರು. ನಂಗೇನೂ ಆರ್ಲಿಲ್ಲ. ಅಡುಗೆಮನೆ ಒಸಿ ದೊಡ್ದು ಮಾಡ್ಸು, ಜಾಗ ತಗೋ," ಎಂದರು.

ಕೆಲಸದಿಂದ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಚಿಕ್ಕಬೈರಪ್ಪನವರು ತಮಗೆಂದೇ ಒಂದು ಪವರ್ ಬ್ಯಾಂಕು ಕೊಂಡರು. ಸೊಂಟದ ಚೀಲ ತಮ್ಮದೇ ಐಡಿಯಾ ಎಂದು ಈಗ ಬಂದವರಿಗೆಲ್ಲ ಹೇಳುತ್ತಾರಂತೆ. ಬೋರ್ಡು ಬದಲಾಗಿಲ್ಲ.

ಅಂದು ವಾಪಸ್ ಬರುವ ಬಸ್ಸಿನಲ್ಲಿ ಸರಳಾ ನನ್ನ ಹೆಂಡತಿಯ ಪಕ್ಕ ಕೂತಿದ್ದರು. ಚೀಲ ಮಡಿಲಲ್ಲಿತ್ತು. ಈ ಸಲ ಕಂಬ ಹಿಡಿದು ನಿಂತವನು ನಾನು. ಸುಮ್ಮನೆ ನಿಲ್ಲುವುದು ನನ್ನ ಸ್ವಭಾವದಲ್ಲಿಲ್ಲ.

"ಅಲ್ಲಾ ಸರಳಾ ಅವ್ರೇ, ದಿನಾ ಅಷ್ಟ್ ಜನರನ್ನ ಆ ಮನೆಯೊಳಗೆ ಕಳಿಸ್ತೀರಿ. ನೀವೊಂದ್ಸಲ ಹಾಕ್ಕೊಂಡು ಒಳಗೆ ಹೋಗಿ ಹಾಯಾಗಿ ಕೂತ್ಕೋಬೇಕು ಅನ್ಸಲ್ವಾ?"

"ನಾನ್ ಒಳಗೆ ಹೋಗಿ ಕೂತ್ರೆ, ಹೊರಗೆ ಬ್ಯಾಟ್ರಿ ಯಾರ್ ನೋಡ್ಕೋತಾರೆ ಸಾರ್? ನೀವಾ?"